ಏಳು ಸಲ ಗಗನಕ್ಕೇರಿದ ಫ್ರಾಂಕ್ಲಿನ್ ಚಾಂಗ್ ಡಿಯಾಸ್



ಗಗನಯಾತ್ರಿಗಳ ವಿಷಯವನ್ನು ಓದುವಾಗ ನಾವು ಸಾಮಾನ್ಯವಾಗಿ ಅವರ ಹಾರಾಟದ ಸಾಹಸವನ್ನು ಮಾತ್ರವೇ ಕಣ್ಣ ಮುಂದೆ ತಂದುಕೊಳ್ಳುತ್ತೇವೆ. ಬೆಂಕಿಯನ್ನುಗುಳುತ್ತ ಮೇಲೇರುವ ಯಂತ್ರ, ಕರಿಯ ಆಕಾಶ, ಕೆಳಗೆ ನೀಲಿಯ ಗೋಳದಂತೆ ತೋರುವ ಭೂಮಿ, ಇವೇ ನಮ್ಮ ಮನಸ್ಸನ್ನು ಸೆಳೆಯುತ್ತವೆ. ಆದರೆ ಗಗನಯಾತ್ರಿಯ ವೃತ್ತಿಜೀವನವೆಂದರೆ ಇಷ್ಟೇ ಅಲ್ಲ. ನಾವಿಲ್ಲಿ ಅಭ್ಯಾಸಕ್ಕೆಂದು ಎತ್ತಿಕೊಂಡಿರುವ ಫ್ರಾಂಕ್ಲಿನ್ ಚಾಂಗ್ ಡಿಯಾಸ್ ಅವರು ಗಗನಯಾತ್ರಿಯಾಗಿ 25 ವರ್ಷ ಕೆಲಸ ಮಾಡಿದರು. ಈ ಅವಧಿಯಲ್ಲಿ ಅವರು ಏಳು ಸಲ ಆಕಾಶಕ್ಕೆ ಹೋಗಿ ಬಂದರು. ಆದರೂ ಅವರು ಮೇಲೆ ಕಳೆದ ಕಾಲವನ್ನೆಲ್ಲ ಕೂಡಿಸಿದರೆ ಆಗುವುದು ಸುಮಾರು 1,601 ಗಂಟೆ, ಅಂದರೆ 67 ದಿನಗಳಿಗಿಂತ ತುಸು ಕಡಮೆ. ಉಳಿದ ಕಾಲವೆಲ್ಲ ನೆಲದ ಮೇಲೆಯೇ, ಪುಸ್ತಕಗಳ ಮತ್ತು ಯಂತ್ರಗಳ ಮುಂದೆ, ಕಲಿಕೆಯಲ್ಲಿಯೇ ಕಳೆಯಿತು.

ಅನೇಕ ಗಗನಯಾತ್ರಿಗಳಿರುವಾಗ ಇವರನ್ನೇ ಆರಿಸಿಕೊಂಡುದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ಇವರು ತಮ್ಮ ಶಾಲಾ ವಿದ್ಯಾಭ್ಯಾಸವನ್ನೆಲ್ಲ ಮಾತೃಭಾಷೆಯಲ್ಲಿ ಮುಗಿಸಿದವರು. 18ನೆಯ ವಯಸ್ಸಿನಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಕಾಲಿಟ್ಟಾಗ ಇಂಗ್ಲಿಷ್ ಬಾರದಿದ್ದವರು. ಈ ಮುಂಬಯಿ ನಗರದಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ತಂದೆತಾಯಿಗಳು ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಮಾಸ್ತರರೇ, ಕನ್ನಡದಲ್ಲಿ ಕಲಿತವನು ಮುಂದೆ ವಿಜ್ಞಾನ ಓದಬಲ್ಲನೇ?” ನಾವೂ ಕನ್ನಡದಲ್ಲಿಯೇ ಹತ್ತನೆಯ ತರಗತಿಯನ್ನು ದಾಟಿ, ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದವರು. ಆದುದರಿಂದ ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬರಿಯ ಅಭಿಮಾನದ ಮಾತಿನಿಂದ ಇದಕ್ಕೆ ಉತ್ತರ ಹೇಳುವುದಕ್ಕಿಂತ ಒಂದು ಜೀವನವನ್ನು ಪರೀಕ್ಷಿಸಿ ನೋಡುವುದು ಮೇಲು.

ಬಾಲ್ಯ

ಉತ್ತರ ಮತ್ತು ದಕ್ಷಿಣ ಅಮೆರಿಕಗಳ ನಡುವಣ ಕಿರಿದಾದ ನೆಲದಲ್ಲಿ ಕೋಸ್ಟರೀಕಾ ಎಂಬ ಪುಟ್ಟ ದೇಶವಿದೆ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ದೊಡ್ಡದು. ಕಾಫಿ ಮತ್ತು ಬಾಳೆ ಅಲ್ಲಿಯ ಹೆಸರಾದ ಬೆಳೆಗಳು. ಜನರ ಭಾಷೆ ಸ್ಪ್ಯಾನಿಷ್. ಆ ದೇಶದ ರಾಜಧಾನಿಯಾದ ಸಾನ್ ಹೋಸೆ ನಗರದಲ್ಲಿ 1950ನೆಯ ಏಪ್ರಿಲ್ 5ರಂದು ಫ್ರಾಂಕ್ಲಿನ್ ಹುಟ್ಟಿದನು. ತಂದೆಯ ಕಡೆಯವರು ಚೀನಾ ದೇಶದಿಂದ ವಲಸೆ ಬಂದವರು. ಚಾಂಗ್ ಎಂಬುದು ತಂದೆಯ ಮನೆತನದ ಹೆಸರು, ಡಿಯಾಸ್ ಎಂಬುದು ತಾಯಿಯದು. ಸ್ಪ್ಯಾನಿಷ್ ಮಾತನಾಡುವ ಜನರಲ್ಲಿ ಎರಡು ಮನೆತನಗಳ ಹೆಸರನ್ನೂ ಹೀಗೆ ಒಟ್ಟಿಗೆ ಇಟ್ಟುಕೊಳ್ಳುವುದು ವಾಡಿಕೆ.

1957ನೆಯ ಅಕ್ಟೋಬರ್ 4ರಂದು ರಷ್ಯದವರು ಸ್ಪುಟ್ನಿಕ್ ಎಂಬ ಮೊದಲ ಕೃತಕ ಉಪಗ್ರಹವನ್ನು ಹಾರಿಸಿದರು. ಏಳು ವರ್ಷದ ಫ್ರಾಂಕ್ಲಿನ್ ಮಾವಿನ ಮರವನ್ನು ಹತ್ತಿ ಕುಳಿತು, ರಾತ್ರಿಯ ಆಕಾಶದಲ್ಲಿ ಆ ಹೊಸ ನಕ್ಷತ್ರವನ್ನು ಹುಡುಕಿದನಂತೆ. ಅಂದು ಹುಟ್ಟಿದ ಆಸೆ ಅವನನ್ನು ಬಿಡಲಿಲ್ಲ. ಆದರೆ ಅವನ ದೇಶದಲ್ಲಿ ರಾಕೆಟ್ಟುಗಳಿರಲಿಲ್ಲ, ಅವುಗಳನ್ನು ಕಟ್ಟುವ ಶಾಲೆಗಳೂ ಇರಲಿಲ್ಲ. 1967ರಲ್ಲಿ ಅವನು ಸಾನ್ ಹೋಸೆಯ ಲಾ ಸಾಲ್ ಶಾಲೆಯಲ್ಲಿ ಪ್ರೌಢ ವಿದ್ಯಾಭ್ಯಾಸವನ್ನು ಮುಗಿಸಿದನು. ಬಳಿಕ ಕೆಲವು ತಿಂಗಳು ಒಂದು ಬ್ಯಾಂಕಿನಲ್ಲಿ ದುಡಿದನು. ಹೀಗೆ ಕೂಡಿಸಿದ 50 ಡಾಲರುಗಳನ್ನು ಕಿಸೆಯಲ್ಲಿಟ್ಟುಕೊಂಡು 1968ರಲ್ಲಿ ಅಮೆರಿಕಕ್ಕೆ ಹೊರಟುಬಿಟ್ಟನು. ಅಲ್ಲಿ ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಅವನ ಬಂಧುಗಳಿದ್ದರು.

ಭಾಷೆಯ ಗೋಡೆ

ಸ್ವದೇಶದಲ್ಲಿ ಪ್ರೌಢಶಾಲೆಯನ್ನು ಮುಗಿಸಿದವನೇ ಆದರೂ ಇಂಗ್ಲಿಷ್ ಕಲಿಯುವ ಸಲುವಾಗಿ ಅವನು ಹಾರ್ಟ್‌ಫರ್ಡಿನ ಪ್ರೌಢಶಾಲೆಯನ್ನು ಮತ್ತೆ ಸೇರಿದನು. ಕಿರಿಯರ ಜೊತೆಯಲ್ಲಿ ಹಿಂದಿನ ಪಾಠವನ್ನೇ ಪುನಃ ಓದಲು ಕುಳಿತುಕೊಳ್ಳುವುದು ಬೆಳೆದ ಹುಡುಗನಿಗೆ ಸುಲಭವಲ್ಲ. ಮೊದಲ ತಿಂಗಳುಗಳಲ್ಲಿ ಅವನು ಪಡೆದ ಅಂಕಗಳು ತೀರ ಕೆಳಗಿದ್ದವು. ವರ್ಷ ಮುಗಿಯುವಷ್ಟರಲ್ಲಿ ಅವನು ಮೇಲಿನ ಸಾಲಿಗೆ ಬಂದನು.

ಇಲ್ಲಿ ನಾವು ಒಂದು ಕ್ಷಣ ನಿಂತು ವಿಚಾರಿಸಬೇಕು. ಒಂದೇ ವರ್ಷದಲ್ಲಿ ಅವನ ಬುದ್ಧಿಯು ಬದಲಾಯಿಸಿತೇ? ಇಲ್ಲ. ಗಣಿತದ ಸೂತ್ರವೂ ಭೌತಶಾಸ್ತ್ರದ ನಿಯಮವೂ ಅವನಿಗೆ ಮೊದಲೇ ತಿಳಿದಿದ್ದವು. ತಿಳಿಯದಿದ್ದುದು ಅವುಗಳ ಇಂಗ್ಲಿಷ್ ಹೆಸರು ಮಾತ್ರ. ತ್ರಿಕೋನದ ಮೂರು ಕೋನಗಳ ಮೊತ್ತವು ಸ್ಪ್ಯಾನಿಷಿನಲ್ಲಿಯೂ ಕನ್ನಡದಲ್ಲಿಯೂ 180 ಅಂಶವೇ ಆಗಿರುತ್ತದೆ. ಅರ್ಥ ಒಳಗಿದ್ದವನಿಗೆ ಹೊಸ ಹೆಸರನ್ನು ಕಲಿಯುವುದು ಪರಿಶ್ರಮದ ಕೆಲಸ, ಆದರೆ ಆಗದ ಕೆಲಸವಲ್ಲ. ಅರ್ಥವಿಲ್ಲದೆ ಹೆಸರುಗಳನ್ನು ಮಾತ್ರ ಬಾಯಿಪಾಠ ಮಾಡಿದವನ ಸ್ಥಿತಿ ಇದಕ್ಕಿಂತ ಕಷ್ಟತರವಾದುದು.

ಆದರೆ ಭಾಷೆಯ ಗೋಡೆ ದಾಟಿದ ಮಾತ್ರಕ್ಕೆ ಎಲ್ಲವೂ ಸರಾಗವಾಗಲಿಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಓದಲು ಅವನಿಗೆ ವಿದ್ಯಾರ್ಥಿವೇತನ ಮಂಜೂರಾಯಿತು. ಆಮೇಲೆ ತಿಳಿದುಬಂದುದೇನೆಂದರೆ, ಅಧಿಕಾರಿಗಳು ಕೋಸ್ಟರೀಕಾವನ್ನು ಪೋರ್ಟೊರೀಕೊ ಎಂದು ತಪ್ಪಾಗಿ ತಿಳಿದಿದ್ದರು. ಪೋರ್ಟೊರೀಕೊ ಅಮೆರಿಕದ ಆಡಳಿತಕ್ಕೆ ಸೇರಿದ ದ್ವೀಪ. ಅಲ್ಲಿಯವರು ಅಮೆರಿಕದ ಪ್ರಜೆಗಳು. ಕೋಸ್ಟರೀಕಾದವರು ಪರದೇಶಿಗಳು. ಹೀಗೆ ಒಂದು ಹೆಸರಿನ ಗೊಂದಲದಿಂದ ಕೊಟ್ಟ ವೇತನವು ಕೈತಪ್ಪಿತು. ಆಗ ಹಾರ್ಟ್‌ಫರ್ಡ್ ಶಾಲೆಯವರು ಸುಮ್ಮನೆ ಕೂಡಲಿಲ್ಲ. ಪ್ರಾಂತದ ಶಾಸನಸಭೆಯವರೆಗೂ ಹೋಗಿ ಅವನ ಪರವಾಗಿ ವಾದಿಸಿದರು. ಫಲವಾಗಿ ಒಂದು ವರ್ಷದ ಮಟ್ಟಿಗೆ ವೇತನವು ಮರಳಿ ದೊರೆಯಿತು. ಮುಂದಿನ ವರ್ಷಗಳ ಖರ್ಚಿಗಾಗಿ ಅವನು ದುಡಿಯುತ್ತಲೇ ಓದಿದನು. ಭೌತಶಾಸ್ತ್ರ ವಿಭಾಗದಲ್ಲಿ ಸಂಶೋಧನ ಸಹಾಯಕನಾಗಿದ್ದು, ಪ್ರಯೋಗಗಳಿಗೆ ಬೇಕಾದ ಉಪಕರಣಗಳ ಕೆಲಸದಲ್ಲಿ ಕೈ ಪಳಗಿಸಿಕೊಂಡನು.

ವಿಜ್ಞಾನಿಯಾದುದು

1973ರಲ್ಲಿ ಅವರು ಯಂತ್ರಶಾಸ್ತ್ರದ ಎಂಜಿನಿಯರಿಂಗ್ ಪದವಿಯನ್ನು ಪಡೆದರು. 1977ರಲ್ಲಿ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಿಂದ ಡಾಕ್ಟರ್ ಪದವಿ ದೊರೆಯಿತು. ಅವರು ಆರಿಸಿಕೊಂಡ ವಿಷಯ ಪ್ಲಾಸ್ಮಾ. ಘನ, ದ್ರವ, ಅನಿಲ ಎಂಬ ಪದಾರ್ಥದ ಮೂರು ಅವಸ್ಥೆಗಳನ್ನು ನೀವು ಓದಿದ್ದೀರಿ. ಅನಿಲವನ್ನು ಬಹಳ ಹೆಚ್ಚಾಗಿ ಕಾಯಿಸಿದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಡುತ್ತವೆ. ವಿದ್ಯುದಂಶದಿಂದ ಕೂಡಿದ ಈ ನಾಲ್ಕನೆಯ ಅವಸ್ಥೆಯೇ ಪ್ಲಾಸ್ಮಾ. ಸೂರ್ಯನೂ ನಕ್ಷತ್ರಗಳೂ ಪ್ಲಾಸ್ಮಾದ ಉಂಡೆಗಳೇ.

ಈ ಕಾಲದಲ್ಲಿ ಅವರು ಮಾಡಿದ ಇನ್ನೆರಡು ಕೆಲಸಗಳನ್ನು ನಾವು ಮರೆಯಲಾಗದು. ಬಹುಕಾಲದ ಮನೋರೋಗಿಗಳನ್ನು ಆಸ್ಪತ್ರೆಯಿಂದ ಹೊರತಂದು ಮನೆಯ ವಾತಾವರಣದಲ್ಲಿರಿಸುವ ಒಂದು ಪ್ರಯೋಗದಲ್ಲಿ ಅವರು ಎರಡೂವರೆ ವರ್ಷ ಗೃಹಪಾಲಕರಾಗಿದ್ದರು. ಮಾದಕದ್ರವ್ಯದ ಚಟಕ್ಕೆ ಬಿದ್ದ ಸ್ಪ್ಯಾನಿಷ್ ಭಾಷಿಕರಿಗೆ ಬುದ್ಧಿ ಹೇಳಿ, ಪಾಠ ಕಲಿಸಿ, ಸರಿದಾರಿಗೆ ತರುವ ಕಾರ್ಯದಲ್ಲಿಯೂ ತೊಡಗಿದ್ದರು. ದೊಡ್ಡ ವಿದ್ಯೆಯನ್ನು ಸಂಪಾದಿಸುತ್ತಿದ್ದಾಗಲೂ ಅವರು ತಮ್ಮ ಭಾಷೆಯ ಜನರಿಂದ ದೂರ ಸರಿಯಲಿಲ್ಲ.

ಆಯ್ಕೆ ಮತ್ತು ಶಿಕ್ಷಣ

ಅಮೆರಿಕದ ಗಗನಯಾನ ಸಂಸ್ಥೆಯಾದ ನಾಸಾ ಈ ಕಾಲಕ್ಕೆ ಹೊಸ ಬಗೆಯ ನೌಕೆಯೊಂದನ್ನು ಸಿದ್ಧಗೊಳಿಸುತ್ತಿತ್ತು. ಅದರ ಹೆಸರು ಸ್ಪೇಸ್ ಷಟಲ್. ಷಟಲ್ ಎಂದರೆ ಮಗ್ಗದ ಲಾಳಿ. ಲಾಳಿಯು ನೂಲನ್ನು ಹೊತ್ತು ಅತ್ತಿಂದಿತ್ತ ಓಡಾಡುವಂತೆ ಈ ನೌಕೆಯು ಜನರನ್ನೂ ಸಾಮಾನುಗಳನ್ನೂ ಹೊತ್ತು ಭೂಮಿಗೂ ಆಕಾಶಕ್ಕೂ ನಡುವೆ ಓಡಾಡತಕ್ಕದ್ದು ಎಂಬುದು ಇದರ ಭಾವ. ನೆಲದಿಂದ ಏಳುವಾಗ ಇದು ರಾಕೆಟ್ಟು. ಆಕಾಶದಲ್ಲಿ ಮನೆ ಮತ್ತು ಕಾರ್ಖಾನೆ. ಇಳಿಯುವಾಗ ಎಂಜಿನ್ನಿನ ಸಹಾಯವಿಲ್ಲದೆ ತೇಲಿ ಬರುವ ವಿಮಾನ. ಹೊರಟ ಎರಡು ನಿಮಿಷಗಳಲ್ಲಿ ಇಕ್ಕೆಲಗಳ ಘನ ಇಂಧನದ ರಾಕೆಟ್ಟುಗಳು ಕಳಚಿ ಬೀಳುತ್ತಿದ್ದವು. ಎಂಟೂವರೆ ನಿಮಿಷಗಳ ವೇಳೆಗೆ ಮುಖ್ಯ ಎಂಜಿನ್ನುಗಳ ಕೆಲಸವೂ ಮುಗಿಯುತ್ತಿತ್ತು. ಆಗ ನೌಕೆಯ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರು. ಆ ವೇಗದಲ್ಲಿ ಅದು ಸುಮಾರು 90 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತಿತ್ತು. 1981ರಿಂದ 2011ರವರೆಗೆ ಇಂತಹ ಐದು ನೌಕೆಗಳು ಒಟ್ಟು 135 ಯಾತ್ರೆಗಳನ್ನು ಮಾಡಿದವು.

ಈ ನೌಕೆಯಲ್ಲಿ ನಾಯಕ ಮತ್ತು ಚಾಲಕರಲ್ಲದೆ, ಪ್ರಯೋಗಗಳನ್ನೂ ಯಂತ್ರಗಳನ್ನೂ ನೋಡಿಕೊಳ್ಳುವ ಕಾರ್ಯತಜ್ಞರಿಗೂ ಸ್ಥಾನವಿತ್ತು. ಹೀಗಾಗಿ ವಿಮಾನ ಚಾಲಕರಲ್ಲದ ವಿಜ್ಞಾನಿ, ವೈದ್ಯ, ಎಂಜಿನಿಯರರಿಗೂ ಬಾಗಿಲು ತೆರೆಯಿತು. ಚಾಂಗ್ ಡಿಯಾಸ್ ಅಮೆರಿಕದ ಪ್ರಜೆಯಾಗಿ ಮೊದಲ ಸಲ ಸಲ್ಲಿಸಿದ ಅರ್ಜಿ ತಿರಸ್ಕೃತವಾಯಿತು. ಮುಂದಿನ ಸಲ ಮತ್ತೆ ಅರ್ಜಿ ಹಾಕಿದರು. 1980ರ ಮೇ ತಿಂಗಳಲ್ಲಿ ಆಯ್ಕೆಯಾದ 19 ಮಂದಿಯಲ್ಲಿ ಅವರ ಹೆಸರಿತ್ತು. ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದವರಲ್ಲಿ ನಾಸಾದ ಗಗನಯಾತ್ರಿಯಾದ ಮೊದಲಿಗರು ಅವರೇ.

ಆಯ್ಕೆಯಾದೊಡನೆ ಹಾರಾಟ ದೊರೆಯುವುದಿಲ್ಲ. ಒಂದು ವರ್ಷದ ತರಬೇತಿ ಮುಗಿದ ಮೇಲೆಯೂ ಅವರು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕಾದರು. ಈ ಕಾಲದಲ್ಲಿ ನೌಕೆಯನ್ನು ನಡೆಸುವ ಗಣಕಯಂತ್ರಗಳ ಕಾರ್ಯಕ್ರಮಗಳನ್ನು ಪರೀಕ್ಷಿಸಿದರು. ಉಡಾವಣೆಯ ಕೇಂದ್ರದಲ್ಲಿ ಗಗನಯಾತ್ರಿಗಳ ಸಹಾಯಕ ತಂಡದ ಮುಖ್ಯಸ್ಥರಾದರು. 1983ರ ನವೆಂಬರಿನಲ್ಲಿ ಸ್ಪೇಸ್‌ಲ್ಯಾಬ್ ಪ್ರಯೋಗಾಲಯವನ್ನು ಹೊತ್ತ ನೌಕೆಯು ಮೇಲಿದ್ದಾಗ, ನೆಲದ ಕೇಂದ್ರದಿಂದ ಅದರೊಳಗಿನವರ ಜೊತೆಯಲ್ಲಿ ಮಾತನಾಡುವ ಕೆಲಸವನ್ನು ಅವರಿಗೆ ವಹಿಸಿದರು. ಈ ಕೆಲಸದಲ್ಲಿ ಒಂದು ಶಬ್ದ ತಪ್ಪಿದರೂ ಅನಾಹುತವಾದೀತು. ಆದುದರಿಂದ ಸ್ಪಷ್ಟವಾಗಿಯೂ ಮಿತವಾಗಿಯೂ ಮಾತನಾಡಬಲ್ಲವರನ್ನೇ ಇದಕ್ಕೆ ಆರಿಸುತ್ತಾರೆ. 1968ರಲ್ಲಿ ಇಂಗ್ಲಿಷ್ ಬಾರದೆ ಬಂದ ಹುಡುಗನ ಧ್ವನಿಯು 15 ವರ್ಷಗಳ ಮೇಲೆ ಇಂಗ್ಲಿಷಿನಲ್ಲಿ ಆಕಾಶಕ್ಕೆ ತಲಪುತ್ತಿತ್ತು!

ಏಳು ಯಾತ್ರೆಗಳು

ಮೊದಲ ಯಾತ್ರೆಯು ಕೊಲಂಬಿಯ ನೌಕೆಯಲ್ಲಿ. 1985ರ ಡಿಸೆಂಬರಿನಲ್ಲಿ ಹೊರಡಬೇಕಾಗಿದ್ದ ಅದು ಮತ್ತೆ ಮತ್ತೆ ಮುಂದೂಡಲ್ಪಟ್ಟು, 1986ನೆಯ ಜನವರಿ 12ರಂದು ಮೇಲೆದ್ದಿತು. ಯಾತ್ರಿಕರು ಒಂದು ಸಂಪರ್ಕ ಉಪಗ್ರಹವನ್ನು ಕಕ್ಷೆಯಲ್ಲಿ ಬಿಟ್ಟರು. ಕೆಲಸದ ನಡುವೆ ಚಾಂಗ್ ಡಿಯಾಸ್ ನೌಕೆಯ ಒಳಗಿನಿಂದ ಸ್ಪ್ಯಾನಿಷ್ ಭಾಷೆಯಲ್ಲಿ ಒಂದು ಚಿತ್ರಕಾರ್ಯಕ್ರಮವನ್ನು ಸಿದ್ಧಪಡಿಸಿದರು; ಅದು ಅಮೆರಿಕದಲ್ಲಿಯೂ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿಯೂ ದೂರದರ್ಶನದ ಮೂಲಕ ಜನರಿಗೆ ತಲಪಿತು. ನೌಕೆಯು ಜನವರಿ 18ರಂದು ಇಳಿಯಿತು.

ಅದಾದ ಹತ್ತನೆಯ ದಿನ, ಜನವರಿ 28ರಂದು, ಇನ್ನೊಂದು ನೌಕೆಯಾದ ಚಾಲೆಂಜರ್ ಹೊರಟ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಘನ ಇಂಧನದ ರಾಕೆಟ್ಟಿನ ಒಂದು ಸಂದಿನಲ್ಲಿದ್ದ ರಬ್ಬರಿನ ಬಳೆಯು ಚಳಿಗೆ ಬಿಗಿದುಕೊಂಡು, ಬೆಂಕಿ ಹೊರಕ್ಕೆ ಸೋರಿದುದೇ ಕಾರಣ. ಅದರಲ್ಲಿದ್ದ ಏಳು ಮಂದಿಯೂ ತೀರಿಕೊಂಡರು. ಅವರಲ್ಲಿ ಕ್ರಿಸ್ಟಾ ಮ್ಯಾಕಾಲಿಫ್ ಎಂಬ ಶಾಲೆಯ ಉಪಾಧ್ಯಾಯಿನಿಯೂ ಒಬ್ಬರು. ಆಕಾಶದಿಂದಲೇ ಪಾಠ ಹೇಳಬೇಕೆಂದು ಹೊರಟಿದ್ದ ಆಕೆಯನ್ನು ಉಪಾಧ್ಯಾಯರಾದ ನಾವು ನೆನೆಯದೆ ಮುಂದೆ ಹೋಗಲಾರೆವು. 1988ರ ಸೆಪ್ಟೆಂಬರಿನವರೆಗೆ ಷಟಲ್ ನೌಕೆಗಳು ಹಾರಲಿಲ್ಲ. ಗೆಳೆಯರನ್ನು ಕಳೆದುಕೊಂಡ ಮೇಲೂ ಚಾಂಗ್ ಡಿಯಾಸ್ ಆ ಉದ್ಯೋಗವನ್ನು ಬಿಡಲಿಲ್ಲ.

1989ರ ಅಕ್ಟೋಬರಿನಲ್ಲಿ ಅಟ್ಲಾಂಟಿಸ್ ನೌಕೆಯಲ್ಲಿ ಎರಡನೆಯ ಯಾತ್ರೆ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ಎಂಬ ಯಂತ್ರನೌಕೆಯನ್ನು ಅವರ ತಂಡವು ಆಕಾಶದಲ್ಲಿ ಬೀಳ್ಕೊಟ್ಟಿತು. ಅದು ಆರು ವರ್ಷ ಪಯಣಿಸಿ 1995ರ ಡಿಸೆಂಬರಿನಲ್ಲಿ ಗುರುವನ್ನು ಮುಟ್ಟಿತು.

ಮೂರನೆಯ ಮತ್ತು ಐದನೆಯ ಯಾತ್ರೆಗಳನ್ನು ಒಟ್ಟಿಗೆ ಓದಬೇಕು. ಆಯಸ್ಕಾಂತ ಕ್ಷೇತ್ರವನ್ನು ಅಡ್ಡಹಾಯ್ದು ಚಲಿಸುವ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ನೀವು ಡೈನಮೋ ಪಾಠದಲ್ಲಿ ಕಲಿತಿದ್ದೀರಿ. ಭೂಮಿಯೇ ಒಂದು ದೊಡ್ಡ ಆಯಸ್ಕಾಂತ. ಹಾಗಾದರೆ ನೌಕೆಯಿಂದ ಉದ್ದನೆಯ ತಂತಿಯೊಂದನ್ನು ಇಳಿಬಿಟ್ಟು ಎಳೆದುಕೊಂಡು ಹೋದರೆ ವಿದ್ಯುತ್ತು ದೊರೆಯಬೇಡವೇ? ಇದನ್ನು ಪರೀಕ್ಷಿಸಲು 1992ರಲ್ಲಿ ಒಂದು ಉಪಗ್ರಹವನ್ನು ತಂತಿಗೆ ಕಟ್ಟಿ ಹೊರಬಿಟ್ಟರು. 20 ಕಿಲೋಮೀಟರು ಬಿಚ್ಚಿಕೊಳ್ಳಬೇಕಾಗಿದ್ದ ತಂತಿಯು ಸುಮಾರು 260 ಮೀಟರಿಗೇ ಸಿಕ್ಕಿಕೊಂಡಿತು. ನಾಲ್ಕು ವರ್ಷಗಳ ತರುವಾಯ, 1996ರಲ್ಲಿ, ಅದೇ ಪ್ರಯೋಗವನ್ನು ಮತ್ತೆ ಕೈಗೊಂಡಾಗ ಚಾಂಗ್ ಡಿಯಾಸ್ ಪ್ರಯೋಗಗಳ ಮುಖ್ಯಸ್ಥರಾಗಿದ್ದರು. ತಂತಿಯು 19.7 ಕಿಲೋಮೀಟರು ಬಿಚ್ಚಿಕೊಂಡು, ಸುಮಾರು 3,500 ವೋಲ್ಟುಗಳ ಒತ್ತಡವನ್ನು ತೋರಿಸಿತು. ಅಷ್ಟರಲ್ಲಿ ವಿದ್ಯುತ್ ಕಿಡಿಯಿಂದ ಸುಟ್ಟು ತುಂಡಾಯಿತು. ಉಪಗ್ರಹ ದೂರಕ್ಕೆ ತೇಲಿಹೋಯಿತು. ಹೊರನೋಟಕ್ಕೆ ಇದು ಸೋಲು. ಆದರೆ ಪಾಠಪುಸ್ತಕದ ನಿಯಮವು ಆಕಾಶದಲ್ಲಿಯೂ ಸತ್ಯವೆಂದು ತಂತಿ ಹರಿಯುವ ಮೊದಲೇ ಸಿದ್ಧವಾಗಿತ್ತು.

ಈ ಎರಡರ ನಡುವೆ, 1994ರ ಫೆಬ್ರವರಿಯಲ್ಲಿ, ನಾಲ್ಕನೆಯ ಯಾತ್ರೆ ನಡೆಯಿತು. ಅಮೆರಿಕದ ಷಟಲಿನಲ್ಲಿ ರಷ್ಯದ ಗಗನಯಾತ್ರಿ ಸೆರ್ಗೇ ಕ್ರಿಕಲ್ಯೋವ್ ಪಯಣಿಸಿದುದು ಆಗಲೇ ಮೊದಲು. 1998ರ ಜೂನಿನ ಆರನೆಯ ಯಾತ್ರೆಯಲ್ಲಿ ನೌಕೆಯು ರಷ್ಯದ ಮೀರ್ ಎಂಬ ಆಕಾಶನಿಲ್ದಾಣವನ್ನು ಸೇರಿತು. ಸ್ಪುಟ್ನಿಕ್ಕನ್ನು ಹುಡುಕಿದ ಬಾಲಕನು ಆ ಉಪಗ್ರಹದ ನಾಡಿನವರ ಜೊತೆಯಲ್ಲಿ ಆಕಾಶದಲ್ಲಿ ಕೆಲಸ ಮಾಡುವ ಕಾಲ ಬಂದಿತ್ತು.

ಏಳನೆಯ ಯಾತ್ರೆಯು 2002ರ ಜೂನಿನಲ್ಲಿ, ಎಂಡೆವರ್ ನೌಕೆಯಲ್ಲಿ. ಅಂತರರಾಷ್ಟ್ರೀಯ ಆಕಾಶನಿಲ್ದಾಣದ ಹೊರಗೆ ಅವರು ಫ್ರಾನ್ಸಿನ ಫಿಲಿಪ್ ಪೆರಾನರ ಜೊತೆಯಲ್ಲಿ ಮೂರು ಸಲ ಇಳಿದು, ಒಟ್ಟು 19 ಗಂಟೆ 31 ನಿಮಿಷ ದುಡಿದರು. ಕೆಟ್ಟುಹೋಗಿದ್ದ ಯಂತ್ರಬಾಹುವಿನ ಮಣಿಕಟ್ಟಿನ ಕೀಲನ್ನು ಬದಲಿಸಿದುದು ಆ ಕೆಲಸಗಳಲ್ಲಿ ಒಂದು. ಆಗ ಅವರಿಗೆ 52 ವರ್ಷ. ಏಳು ಸಲ ಗಗನಕ್ಕೇರಿದವರು ಅದಕ್ಕೆ ಮೊದಲು ಒಬ್ಬರೇ ಇದ್ದರು. ಅವರು ಜೆರಿ ರಾಸ್.

ಮುಂದಿನ ವರ್ಷ, 2003ನೆಯ ಫೆಬ್ರವರಿ 1ರಂದು, ಚಾಂಗ್ ಡಿಯಾಸ್ ಮೊದಲು ಏರಿದ್ದ ಆ ಕೊಲಂಬಿಯ ನೌಕೆಯೇ ಮರಳುವ ದಾರಿಯಲ್ಲಿ ಒಡೆದುಹೋಯಿತು. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಅಸುನೀಗಿದರು. ಈ ವೃತ್ತಿಯ ಬೆಲೆ ಎಷ್ಟೆಂಬುದನ್ನು ತಿಳಿಯದೆ ಅದರ ಕೀರ್ತಿಯನ್ನು ಮಾತ್ರ ಬಯಸುವುದು ತರವಲ್ಲ.

ಹೊಸ ಎಂಜಿನ್

2005ರಲ್ಲಿ ನಾಸಾದಿಂದ ನಿವೃತ್ತರಾದ ಮೇಲೆ ಅವರು ಆಡ್ ಆಸ್ಟ್ರಾ ಎಂಬ ರಾಕೆಟ್ ಸಂಸ್ಥೆಯನ್ನು ಕಟ್ಟಿದರು. ಅದರ ಒಂದು ಪ್ರಯೋಗಾಲಯವನ್ನು ತಮ್ಮ ಹುಟ್ಟುನಾಡಿನ ಲಿಬೇರಿಯ ಎಂಬ ಊರಿನಲ್ಲಿ ತೆರೆದರು. ವಿದ್ಯಾರ್ಥಿ ದೆಸೆಯ ಪ್ಲಾಸ್ಮಾವೇ ಈ ಎಂಜಿನ್ನಿನ ಜೀವಾಳ. ರೇಡಿಯೋ ತರಂಗಗಳಿಂದ ಆರ್ಗಾನ್ ಅನಿಲವನ್ನು ಕಾಯಿಸಿ ಪ್ಲಾಸ್ಮಾ ಮಾಡುತ್ತಾರೆ. ಅಷ್ಟು ಕಾವನ್ನು ಯಾವ ಲೋಹದ ಪಾತ್ರೆಯೂ ತಾಳದು. ಆದುದರಿಂದ ಆಯಸ್ಕಾಂತ ಕ್ಷೇತ್ರವನ್ನೇ ಪಾತ್ರೆಯನ್ನಾಗಿ ಮಾಡಿಕೊಂಡು ಅದನ್ನು ಹಿಂದಕ್ಕೆ ಚಿಮ್ಮಿಸುತ್ತಾರೆ. ಷಟಲಿನ ಮುಖ್ಯ ಎಂಜಿನ್ನಿನಿಂದ ಹೊಗೆಯು ಸೆಕೆಂಡಿಗೆ ಸುಮಾರು ನಾಲ್ಕೂವರೆ ಕಿಲೋಮೀಟರು ವೇಗದಲ್ಲಿ ಹೊರಬೀಳುತ್ತಿತ್ತು. ಇಲ್ಲಿ ಪ್ಲಾಸ್ಮಾವು ಸೆಕೆಂಡಿಗೆ 50 ಕಿಲೋಮೀಟರಿನ ಹತ್ತಿರ ಚಿಮ್ಮುತ್ತದೆ. ನೂಕುಬಲ ಮಾತ್ರ ಬಹಳ ಅಲ್ಪ. ನೆಲದಿಂದ ನೌಕೆಯನ್ನು ಎತ್ತಲು ಇದರಿಂದಾಗದು. ಆಕಾಶದಲ್ಲಿ ದಿನಗಟ್ಟಲೆ ಮೆಲ್ಲಗೆ ನೂಕುತ್ತ, ಕಡಮೆ ಇಂಧನದಿಂದ ಬಹುದೂರ ಒಯ್ಯಬಲ್ಲದು. 2021ರ ಜುಲೈಯಲ್ಲಿ ಈ ಎಂಜಿನ್ 80 ಕಿಲೋವಾಟ್ ಶಕ್ತಿಯಲ್ಲಿ 88 ಗಂಟೆ ಎಡೆಬಿಡದೆ ನೆಲದ ಮೇಲಿನ ಪರೀಕ್ಷೆಯಲ್ಲಿ ನಡೆಯಿತು. ಆಕಾಶಕ್ಕೆ ಇನ್ನೂ ಏರಿಲ್ಲ.

ಉಪಸಂಹಾರ

ಈ ಜೀವನದಿಂದ ನಮ್ಮ ಪ್ರಶ್ನೆಗೆ ಯಾವ ಉತ್ತರ ದೊರೆಯಿತು? ಮಾತೃಭಾಷೆಯಲ್ಲಿ ಗಟ್ಟಿಯಾಗಿ ಕಲಿತ ಶಾಸ್ತ್ರವು ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ ಎಂಬುದು ಮೊದಲನೆಯದು. ಆದರೆ ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ಅದನ್ನು ಕಲಿಯಲು ಅವರು ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಮತ್ತೆ ಕುಳಿತರು. ಸ್ಪ್ಯಾನಿಷಿನಲ್ಲಿರುವಷ್ಟು ವಿಜ್ಞಾನ ಗ್ರಂಥಗಳು ಕನ್ನಡದಲ್ಲಿ ಇಲ್ಲವೆಂಬುದನ್ನೂ ನಾವು ಮುಚ್ಚಿಡಬಾರದು. ಆ ಕೊರತೆಯನ್ನು ತುಂಬುವ ಕರ್ತವ್ಯ ಹಿರಿಯರಾದ ನಮ್ಮದು, ಮುಂದೆ ನಿಮ್ಮದು. ಎರಡನೆಯದಾಗಿ, ಅವರು ಒಬ್ಬರೇ ಮೇಲೇರಲಿಲ್ಲ. ವೇತನ ತಪ್ಪಿದಾಗ ಶಾಸನಸಭೆಯ ಮೆಟ್ಟಿಲೇರಿದ ಶಾಲೆಯವರಿದ್ದರು. ಪರೀಕ್ಷೆಯ ಫಲ ಬಂದ ದಿನಕ್ಕೆ ಉಪಾಧ್ಯಾಯರ ಕೆಲಸ ಮುಗಿಯುವುದಿಲ್ಲವೆಂದು ಇದರಿಂದ ನಾವು ಕಲಿಯಬೇಕು.

1995ರಲ್ಲಿ ಕೋಸ್ಟರೀಕಾ ಸರಕಾರವು ಅವರಿಗೆ ಗೌರವ ಪೌರತ್ವವನ್ನು ನೀಡಿತು. ಇದು ಪರದೇಶಿಗಳಿಗೆ ಸಲ್ಲುವ ಅತ್ಯುಚ್ಚ ಮರ್ಯಾದೆ. ಅದನ್ನು ಪಡೆದವರಲ್ಲಿ ಆ ದೇಶದಲ್ಲಿಯೇ ಹುಟ್ಟಿದವರು ಅವರೇ ಮೊದಲಿಗರು. ಕಾನೂನಿನಂತೆ ಅವರು ಪರದೇಶಿಯಾಗಿದ್ದರು. ನಾಡು ಮಾತ್ರ ಅವರನ್ನು ಮಗನೆಂದೇ ಎಣಿಸಿತು. ಊರು ಬಿಟ್ಟು ಬಂದು ಬೇರೆ ನಾಡಿನಲ್ಲಿ ಕನ್ನಡ ಕಲಿಯುತ್ತಿರುವ ನಿಮಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಸ್ಪೇಸ್ ಷಟಲಿಗೆ ಮಗ್ಗದ ಲಾಳಿಯ ಹೆಸರು ಹೇಗೆ ಒಪ್ಪುತ್ತದೆ? ವಿವರಿಸಿರಿ.
2. 1996ರ ತಂತಿಯ ಪ್ರಯೋಗವನ್ನು ಡೈನಮೋ ಪಾಠಕ್ಕೆ ಹೋಲಿಸಿ ಬರೆಯಿರಿ.
3. ಪ್ಲಾಸ್ಮಾವನ್ನು ಲೋಹದ ಪಾತ್ರೆಯಲ್ಲಿ ಇಡಲಾಗದೇಕೆ? ಅದಕ್ಕೆ ಮಾಡಿದ ಉಪಾಯವೇನು?
4. ಹಾರ್ಟ್‌ಫರ್ಡ್ ಶಾಲೆಯವರ ಸ್ಥಾನದಲ್ಲಿ ನೀವಿದ್ದರೆ ಶಾಸನಸಭೆಯ ಮುಂದೆ ಏನು ಹೇಳುತ್ತಿದ್ದಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.
5. ನಿಮ್ಮ ವಿಜ್ಞಾನ ಪುಸ್ತಕದಿಂದ ಇಪ್ಪತ್ತು ಪಾರಿಭಾಷಿಕ ಶಬ್ದಗಳನ್ನು ಆರಿಸಿ, ಅವುಗಳ ಅರ್ಥವನ್ನು ಕನ್ನಡದಲ್ಲಿ ನಿಮ್ಮ ಮಾತಿನಲ್ಲಿಯೇ ಬರೆದು, ಎದುರಿಗೆ ಅವುಗಳ ಇಂಗ್ಲಿಷ್ ಹೆಸರನ್ನು ಬರೆಯಿರಿ. ಈ ಕೆಲಸವನ್ನು ಪ್ರತಿ ವಾರವೂ ಮಾಡಿರಿ.